ತಾಗಿದರೆ ತಾನೇ ಪೆಟ್ಟು

(ಹಾಸನದಲ್ಲಿ ಒಂದು ಭಾನುವಾರ ಬೆಳಿಗ್ಗೆ ಮಕ್ಕಳು, ಅವರ ಹೆತ್ತವರು ಮತ್ತು ಕೆಲವು ಹಳೆಯ ಆಟಗಾರರ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಒಂದು ಸೋಲಿನ ಕಥೆಯಿಂದ ಆರಂಭಿಸುತ್ತೇನೆ. ಸೋತವಳು ಇದೇ ಸಭೆಯಲ್ಲಿದ್ದಾಳೆ, ಅವಳನ್ನು ಕೇಳಿಯೇ ಹೇಳುತ್ತಿದ್ದೇನೆ. ಎಂಟನೆಯ ತರಗತಿಯ ಈ ಹುಡುಗಿ ನಮ್ಮ ಮನೆಯ ಜಗಲಿಯಲ್ಲಿ ಭಾನುವಾರ ನಡೆಯುವ, ದಾಳ ಉರುಳಿಸಿ ಕಥೆ ಕಟ್ಟುವ ಆಟದಲ್ಲಿ ‘ಬಂಡೆ’ ಎಂಬ ಕೊಡಲಿಗಾರ್ತಿ. ಕಳೆದ ಮಳೆಗಾಲದ ಒಂದು ಮಧ್ಯಾಹ್ನ ನಮ್ಮ ಕಥೆ ಮಂಜರಾಬಾದ್ ಕೋಟೆಯನ್ನು ಮುಟ್ಟಿತ್ತು. ಸಕಲೇಶಪುರದ ದಾರಿಯಲ್ಲಿ ನೀವೆಲ್ಲ ಕಂಡಿರುವ, 1792ರಲ್ಲಿ ಟಿಪ್ಪು ಕಟ್ಟಿಸಿದ, ಎಂಟು ಮೂಲೆಯ ನಕ್ಷತ್ರದಂಥ ಕೋಟೆಯೇ ಅದು. ನಮ್ಮ ಕಥೆಯಲ್ಲಿ ಅದರ ಮದ್ದಿನ ಕೋಣೆಯ ಬಾಗಿಲಿಗೆ ಅಡಿಯಿಂದ ಮುಡಿಯವರೆಗೆ ಉಕ್ಕು ತೊಟ್ಟ ಕಾವಲುಗಾರನೊಬ್ಬ ಅಡ್ಡ ನಿಂತಿದ್ದ. ಬಂಡೆ ಕೊಡಲಿ ಎತ್ತಿದಳು. ಏಟು ತಪ್ಪಿತು. ಉಳಿದ ಐವರ ಸರದಿ ಮುಗಿದು ಮತ್ತೆ ಅವಳ ಸರದಿ ಬರಲು ಕಾಲು ಗಂಟೆ ಹಿಡಿಯಿತು. ಮತ್ತೆ ತಪ್ಪಿತು. ಮೂರನೆಯ ಸಲವೂ ತಪ್ಪಿತು. ನಾಲ್ಕನೆಯದೂ ತಪ್ಪಿದಾಗ ಅವಳು ದಾಳವನ್ನು ಡಬ್ಬಿಯೊಳಗೆ ಹಾಕಿ ಮುಚ್ಚಳ ಮುಚ್ಚಿ, “ನನಗೆ ಅದೃಷ್ಟವೇ ಇಲ್ಲ” ಎಂದಳು. ಹೊರಗೆ ಮಳೆ ಬಿಟ್ಟಿರಲಿಲ್ಲ, ಇಲ್ಲದಿದ್ದರೆ ಆಗಲೇ ಮನೆಗೆ ಹೊರಟುಬಿಡುತ್ತಿದ್ದಳು.

ಆ ರಾತ್ರಿ ನಾನು ಲೆಕ್ಕ ಹಾಕಿದೆ. ಅವಳ ಅದೃಷ್ಟದಲ್ಲಿ ಯಾವ ಕೊರತೆಯೂ ಇರಲಿಲ್ಲ. ಅವಳು ಹೊಡೆಯುತ್ತಿದ್ದ ರೀತಿಗೆ, ನಾಲ್ಕಕ್ಕೆ ನಾಲ್ಕೂ ತಪ್ಪುವ ಸಾಧ್ಯತೆಯೇ ಶೇಕಡಾ 52 ಇತ್ತು. ಹಾಗೆ ಹೊಡೆಯಲು ಕಲಿಸಿದವನು ನಾನೇ. ಆದ್ದರಿಂದ, ಏಟು ತಾಗುವುದು ಮುಖ್ಯವೋ ಬಲವಾಗಿ ಬೀಳುವುದು ಮುಖ್ಯವೋ ಎಂಬ ಇಂದಿನ ಮಾತು ಅವಳಿಗೆ ನಾನು ತೀರಿಸಬೇಕಾದ ಬಾಕಿ.

ಈ ಆಟವನ್ನು ನೋಡಿರದ ಹಿರಿಯರಿಗಾಗಿ ಎರಡು ಮಾತು. ಮೇಜಿನ ಸುತ್ತ ಐದಾರು ಜನ ಕುಳಿತುಕೊಳ್ಳುತ್ತಾರೆ. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ತಲಾ ಒಂದು ಪಾತ್ರ ವಹಿಸುತ್ತಾರೆ. ಫಲಿತಾಂಶ ಏನೆಂದು ಖಚಿತವಿಲ್ಲದ ಕೆಲಸಕ್ಕೆಲ್ಲ ದಾಳ ಉರುಳಿಸುತ್ತಾರೆ. ಜಗಳ ಬಂದಾಗ ಎರಡು ಸಲ ಉರುಳಿಸಬೇಕು. ಮೊದಲನೆಯದು, ಏಟು ತಾಗಿತೇ ಎಂದು ತಿಳಿಯಲು. ಇಪ್ಪತ್ತು ಮುಖದ ದಾಳ ಎಸೆದು, ಬಂದ ಸಂಖ್ಯೆಗೆ ನಿಮ್ಮ ಪರಿಣತಿಯ ಅಂಕ ಕೂಡಿಸಿದಾಗ ಎದುರಾಳಿಯ ಆರ್ಮರ್ ಕ್ಲಾಸ್ ಅನ್ನು ಮುಟ್ಟಿದರೆ ಅಥವಾ ದಾಟಿದರೆ ತಾಗಿದಂತೆ. ನಮ್ಮ ಮೇಜಿನಲ್ಲಿ ಅದನ್ನು ಕವಚಾಂಕ ಎನ್ನುತ್ತೇವೆ. ಎರಡನೆಯದು, ತಾಗಿದ ಏಟು ಎಷ್ಟು ಬಲವಾದದ್ದು ಎಂದು ತಿಳಿಯಲು. ಎದುರಾಳಿಯ ಹಿಟ್ ಪಾಯಿಂಟ್‌ನಿಂದ ಅದನ್ನು ಕಳೆಯುತ್ತೇವೆ. ಅದಕ್ಕೆ ನಾವಿಟ್ಟ ಹೆಸರು ಪ್ರಾಣಾಂಕ. ಅದು ಸೊನ್ನೆಗೆ ಇಳಿದರೆ ಎದುರಾಳಿ ಬಿದ್ದಂತೆ. ಒಂದು ಅಂಕ ಉಳಿದಿದ್ದರೂ ಅವನು ಪೂರ್ತಿ ಬಲದಿಂದ ತಿರುಗಿ ಹೊಡೆಯುತ್ತಾನೆ. ಈ ಕೊನೆಯ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಈಗ ಬಂಡೆಯ ಲೆಕ್ಕಕ್ಕೆ ಬರೋಣ. ಅವಳ ಪರಿಣತಿ 5. ಕೊಡಲಿಗೆ ಹನ್ನೆರಡು ಮುಖದ ದಾಳ, ಅದಕ್ಕೆ ತೋಳ್ಬಲ ಮತ್ತು ಆವೇಶ ಸೇರಿ ಇನ್ನೂ 5. ಸರಾಸರಿ ಒಂದು ಏಟಿಗೆ ಹನ್ನೊಂದೂವರೆ. ಕಾವಲುಗಾರನ ಕವಚಾಂಕ 18. ಅಂದರೆ ದಾಳದಲ್ಲಿ 13 ಅಥವಾ ಅದಕ್ಕಿಂತ ಹೆಚ್ಚು ಬೀಳಬೇಕು. ಇಪ್ಪತ್ತರಲ್ಲಿ ಎಂಟು ಮುಖ, ಶೇಕಡಾ 40. ಆದರೆ ಅವಳು ಸುಮ್ಮನೆ ಹೊಡೆಯುತ್ತಿರಲಿಲ್ಲ. ನಾವಾಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ 2014ರ ಐದನೆಯ ಆವೃತ್ತಿಯಲ್ಲಿ ಭಾರಿ ಆಯುಧದವರಿಗೆ ಒಂದು ವಿಶೇಷ ಪಟ್ಟು ಸಿಗುತ್ತದೆ. ತಾಗುವ ಅಂಕದಲ್ಲಿ 5 ಬಿಟ್ಟುಕೊಟ್ಟರೆ, ತಾಗಿದ ಏಟಿಗೆ 10 ಸೇರುತ್ತದೆ. ಬಿಲ್ಲುಗಾರರಿಗೂ ಇಂಥದ್ದೇ ಒಂದು ಇದೆ. “5 ಕೊಟ್ಟು 10 ತೆಗೆದುಕೊಳ್ಳುವುದು ಲಾಭವಲ್ಲವೇ?” ಎಂದು ನಾನು ಹೇಳಿದ್ದೆ. ಅವಳು ನಂಬಿದಳು. ಆಗ ಬೇಕಾದದ್ದು 18 ಅಥವಾ ಮೇಲೆ. ಮೂರೇ ಮುಖ, ಶೇಕಡಾ 15.

ಸುಮ್ಮನೆ ಹೊಡೆದಿದ್ದರೆ ನೂರು ಏಟಿಗೆ 40 ತಾಗಿ, ಸರಾಸರಿ ಒಂದು ಬೀಸಿಗೆ 4.6 ಪ್ರಾಣಾಂಕ ಇಳಿಯುತ್ತಿತ್ತು. 5 ಬಿಟ್ಟು 10 ಸೇರಿಸಿದ್ದಕ್ಕೆ ಇಳಿಯುತ್ತಿದ್ದದ್ದು 3.2 ಮಾತ್ರ. ಸಾಧಾರಣ ಏಟು ಹೊಡೆದಿದ್ದರೆ ನಾಲ್ಕೂ ತಪ್ಪುವ ಸಾಧ್ಯತೆ ಶೇಕಡಾ 13ಕ್ಕೆ ಇಳಿಯುತ್ತಿತ್ತು. ನಾನು ಕಲಿಸಿದ ದಾರಿ ಎರಡು ಕಡೆಯಿಂದಲೂ ಸುಲಿಯಿತು. ಪೆಟ್ಟೂ ಕಡಿಮೆಯಾಯಿತು, ಮಗುವಿನ ಮಧ್ಯಾಹ್ನವೂ ಹೋಯಿತು.

5 ಮತ್ತು 10 ಒಂದೇ ಜಾತಿಯ ಸಂಖ್ಯೆಗಳಲ್ಲ, ಅವನ್ನು ಒಂದೇ ತಕ್ಕಡಿಯಲ್ಲಿ ಹಾಗೇ ಇಡಲಾಗದು. ನಾನು ಎಡವಿದ್ದು ಅಲ್ಲಿ. ತಾಗುವ ಅಂಕದ ಒಂದು ಎಂದರೆ ದಾಳದ ಒಂದು ಮುಖ, ನೂರರಲ್ಲಿ 5. ಅದರ ಬೆಲೆ ನಿಮ್ಮ ಏಟು ಎಷ್ಟು ದೊಡ್ಡದು ಎಂಬುದರ ಮೇಲೆ ನಿಂತಿದೆ. ಏಟಿನ ಒಂದು ಅಂಕದ ಬೆಲೆ ನೀವು ಎಷ್ಟು ಸಲ ತಾಗುತ್ತೀರಿ ಎಂಬುದರ ಮೇಲೆ ನಿಂತಿದೆ. ಒಂದರ ಬೆಲೆಯನ್ನು ಇನ್ನೊಂದು ಗೊತ್ತುಮಾಡುತ್ತದೆ. ಹತ್ತರಲ್ಲಿ ಒಂದು ಏಟು ಮಾತ್ರ ತಾಗುವವನಿಗೆ ಗುರಿಯಲ್ಲಿ ಒಂದು ಅಂಕ ಸಿಕ್ಕಿದರೆ ಶೇಕಡಾ 10 ಇದ್ದದ್ದು 15 ಆಗುತ್ತದೆ, ಅವನ ಒಟ್ಟು ಗಳಿಕೆ ಒಂದೂವರೆ ಪಟ್ಟಾಗುತ್ತದೆ. ಶೇಕಡಾ 80 ತಾಗುವವನಿಗೆ ಅದೇ ಒಂದು ಅಂಕದಿಂದ ಗಳಿಕೆ ಹದಿನಾರನೇ ಒಂದು ಭಾಗ ಏರುತ್ತದೆ, ಅಷ್ಟೇ. ಬಡವನಿಗೆ ಸಿಕ್ಕ ನೂರು ರೂಪಾಯಿಗೂ ಸಾಹುಕಾರನಿಗೆ ಸಿಕ್ಕ ನೂರು ರೂಪಾಯಿಗೂ ಇರುವ ಅಂತರ ಇದು.

ಬಂಡೆಯಂಥವರಿಗೆ ನಾನು ಈಗ ಹೇಳಿಕೊಡುವ ಗುರುತು ಸುಲಭವಾಗಿದೆ. ಸಾಧಾರಣ ಏಟು ತಾಗಲು ದಾಳದಲ್ಲಿ 10 ಅಥವಾ ಅದಕ್ಕಿಂತ ಕಡಿಮೆ ಸಾಕು ಎನ್ನುವಂತಿದ್ದರೆ 5 ಬಿಟ್ಟುಕೊಡಬಹುದು. 11 ಬೇಕು ಎಂದಾದ ಕೂಡಲೇ ಕೈ ಬಿಗಿಹಿಡಿಯಬೇಕು. ಸರಾಸರಿ ಏಟನ್ನು 40ರಿಂದ ಭಾಗಿಸಿ ಅದಕ್ಕೆ ಕಾಲು ಸೇರಿಸಿದರೆ ಎಷ್ಟು ಸಾಧ್ಯತೆಯ ಮೇಲೆ ಈ ವ್ಯಾಪಾರ ಗಿಟ್ಟುತ್ತದೆ ಎಂಬ ಗಡಿ ಸಿಗುತ್ತದೆ. ಹನ್ನೊಂದೂವರೆಗೆ ಅದು ಸುಮಾರು ಶೇಕಡಾ 54. ಇನ್ನೊಂದು ಸೋಜಿಗವೂ ಇದರೊಳಗೆ ಅಡಗಿದೆ. ಏಟು ದೊಡ್ಡದಾದಷ್ಟೂ ಗಡಿ ಮೇಲೇರುತ್ತದೆ. ಈಗಾಗಲೇ ಬಲವಾಗಿ ಹೊಡೆಯುವವನಿಗೆ ತಪ್ಪಿದರೆ ಆಗುವ ನಷ್ಟವೂ ದೊಡ್ಡದು. ಏಟು ಸಣ್ಣದಿರುವವನು ಜೂಜಾಡಬಹುದು.

ಈ ಪ್ರಶ್ನೆ ಆಟ ಹುಟ್ಟಿದಾಗ ಇರಲಿಲ್ಲ ಎಂದರೆ ನಿಮಗೆ ಆಶ್ಚರ್ಯವಾಗಬಹುದು. 1971ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಜೆಫ್ ಪೆರೆನ್ ಬರೆದ ‘ಚೈನ್‌ಮೇಲ್’ ಎಂಬ ಯುದ್ಧದಾಟದಲ್ಲಿ ಸಾಮಾನ್ಯ ಸೈನಿಕನಿಗೆ ಏಟು ತಾಗಿತೆಂದರೆ ಅವನು ಸತ್ತ ಹಾಗೆಯೇ. ಅಲ್ಲಿ ಗುರಿಯೊಂದೇ ಪ್ರಶ್ನೆ. 1974ರಲ್ಲಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಹೊರತಂದಾಗ ವೀರರಿಗೆ ಪ್ರಾಣಾಂಕ ಬಂತು. ಆದರೂ ಮೊದಲ ಪೆಟ್ಟಿಗೆಯ ನಿಯಮದಲ್ಲಿ ಚೂರಿಯಾಗಲಿ ಗಂಡುಗೊಡಲಿಯಾಗಲಿ ಏಟಿಗೆ ಆರು ಮುಖದ ಒಂದೇ ದಾಳ. ಆಯುಧಕ್ಕೊಂದು ದಾಳ ಎಂಬ ಪದ್ಧತಿ ಬಂದದ್ದು 1975ರ ‘ಗ್ರೇಹಾಕ್’ ಪುರವಣಿಯಲ್ಲಿ. ಗುರಿಯನ್ನು ಮಾರಿ ಪೆಟ್ಟನ್ನು ಕೊಳ್ಳುವ ಅಂಗಡಿ ಬಾಗಿಲು ತೆರೆಯಲು ಇನ್ನೂ ಬಹಳ ಕಾಲ ಬೇಕಾಯಿತು. 2000ದ ಮೂರನೆಯ ಆವೃತ್ತಿಯ ‘ಪವರ್ ಅಟ್ಯಾಕ್’ನಲ್ಲಿ ಎಷ್ಟು ಮಾರಬೇಕೆಂಬುದನ್ನು ಆಟಗಾರರೇ ಗೊತ್ತುಮಾಡಬಹುದಿತ್ತು. ಪ್ರತಿ ಸರದಿಗೂ ಕಾಗದ ಪೆನ್ಸಿಲ್ ಹಿಡಿದು ಕೂರುವವರಿದ್ದರು. 2014ರಲ್ಲಿ ಅದು 5ಕ್ಕೆ 10 ಎಂಬ ನಿಗದಿತ ದರವಾಯಿತು. 2024ರ ಪರಿಷ್ಕರಣೆಯಲ್ಲಿ ಆ ದರವನ್ನೂ ತೆಗೆದುಹಾಕಿದರು. ಈಗ ಭಾರಿ ಆಯುಧದವರಿಗೆ ಏನನ್ನೂ ಬಿಟ್ಟುಕೊಡದೆ ಸ್ವಲ್ಪ ಹೆಚ್ಚು ಪೆಟ್ಟು ಸಿಗುತ್ತದೆ. ನಮ್ಮ ಮೇಜು ಮಾತ್ರ 2014ರ ನಿಯಮದಲ್ಲೇ ಇದೆ. ಹೊಡೆಯುವ ಮುನ್ನ ಮಗುವೊಂದು ಕಣ್ಣು ಮುಚ್ಚಿ ಯೋಚಿಸುವ ಆ ಅರೆಗಳಿಗೆ ನನಗೆ ಬೇಕು.

ಇಲ್ಲಿಯವರೆಗೆ ಹೇಳಿದ್ದೆಲ್ಲ ಸರಾಸರಿಯ ಮಾತು. ಲೆಕ್ಕ ಬಲ್ಲ ಹುಡುಗರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತಾರೆ. ನನ್ನ ತಕರಾರು ಇಲ್ಲಿಂದಲೇ ಶುರು.

ಒಂದು ಗಾಬ್ಲಿನ್ ತೆಗೆದುಕೊಳ್ಳಿ, ಕಥೆಯಲ್ಲಿ ಬರುವ ಕುಳ್ಳ ಕಳ್ಳ ಪಿಶಾಚಿ. 2014ರ ಪುಸ್ತಕದಲ್ಲಿ ಅದರ ಕವಚಾಂಕ 15, ಪ್ರಾಣಾಂಕ 7. ಬಂಡೆಗೆ ದಾಳದಲ್ಲಿ 10 ಸಾಕು, ಸಾಧ್ಯತೆ ಶೇಕಡಾ 55. ನಾನು ಈಗಷ್ಟೇ ಹೇಳಿದ ಗುರುತಿನ ಪ್ರಕಾರ ಇಲ್ಲಿ 5 ಬಿಟ್ಟು 10 ತೆಗೆದುಕೊಳ್ಳಬಹುದು. ಸರಾಸರಿ ಕೂಡ ಕೂದಲೆಳೆಯಷ್ಟು ಹೆಚ್ಚು ಎಂದೇ ಹೇಳುತ್ತದೆ. ಆದರೆ 7 ಪ್ರಾಣಾಂಕದ ಪ್ರಾಣಿಗೆ ಇಪ್ಪತ್ತೊಂದೂವರೆಯ ಏಟು ಏಕೆ? ಬಂಡೆಯ ಸಾಧಾರಣ ಏಟೇ ಕನಿಷ್ಠ 6. ಹನ್ನೆರಡು ಮುಖದ ದಾಳದಲ್ಲಿ 1 ಬಿದ್ದಾಗ ಮಾತ್ರ ಗಾಬ್ಲಿನ್ ಉಸಿರು ಹಿಡಿದುಕೊಳ್ಳುತ್ತದೆ. ಸಾಧಾರಣ ಏಟಿಗೆ ಅದು ಬೀಳುವ ಸಾಧ್ಯತೆ ಶೇಕಡಾ 50, ಭಾರಿ ಏಟಿಗೆ ಶೇಕಡಾ 30. ಸರಾಸರಿ ಒಂದು ದಾರಿ ತೋರಿಸಿದರೆ, ನೆಲಕ್ಕೆ ಬಿದ್ದ ಗಾಬ್ಲಿನ್‌ಗಳ ಎಣಿಕೆ ಇನ್ನೊಂದನ್ನು ತೋರಿಸುತ್ತದೆ. ಹೆಚ್ಚಾದ ಪೆಟ್ಟು ಸತ್ತವನ ಮೇಲೆ ಬೀಳುತ್ತದೆ, ಸರಾಸರಿ ಅದನ್ನೂ ಗಳಿಕೆಯ ಖಾತೆಗೇ ಬರೆದುಕೊಳ್ಳುತ್ತದೆ.

ಲಗೋರಿ ಆಡಿದವರಿಗೆ ಇದು ಹೊಸದಲ್ಲ. ಏಳು ಬಿಲ್ಲೆಗಳ ಗೋಪುರಕ್ಕೆ ಚೆಂಡನ್ನು ಬೀಸಿ ಹೊಡೆದರೆ ಬಿಲ್ಲೆಗಳು ಚರಂಡಿಯವರೆಗೆ ಹಾರುತ್ತವೆ. ನೋಡಲು ಅದು ಬಹಳ ಚೆಂದ. ಆದರೆ ಹೊಡೆದ ತಂಡವೇ ಅವನ್ನು ಮತ್ತೆ ಜೋಡಿಸಬೇಕಲ್ಲ! ನಮ್ಮ ಬೀದಿಯಲ್ಲಿ ಗೆಲ್ಲುತ್ತಿದ್ದವರು ಮೇಲಿನ ಎರಡು ಬಿಲ್ಲೆ ಮಾತ್ರ ಜಾರುವಂತೆ ಮೆಲ್ಲಗೆ ತಾಗಿಸುತ್ತಿದ್ದವರು. ಅವರು ಎಸೆಯುವಾಗ ಯಾರೂ ಚಪ್ಪಾಳೆ ತಟ್ಟುತ್ತಿರಲಿಲ್ಲ.

ಈಗ ನನಗೆ ಎಲ್ಲಕ್ಕಿಂತ ಪ್ರಿಯವಾದ ಲೆಕ್ಕಕ್ಕೆ ಬರುತ್ತೇನೆ. ಇಬ್ಬರನ್ನು ಊಹಿಸಿಕೊಳ್ಳಿ. ಕತ್ತಿಯವನು ನೂರಕ್ಕೆ 80 ಸಲ ತಾಗುತ್ತಾನೆ, ಒಂದು ಏಟಿಗೆ 10. ಗದೆಯವನು ನೂರಕ್ಕೆ 40 ಸಲ ತಾಗುತ್ತಾನೆ, ಒಂದು ಏಟಿಗೆ 20. ಇಬ್ಬರ ಸರಾಸರಿಯೂ ಸರಿಯಾಗಿ 8. ಎದುರಿಗೆ 20 ಪ್ರಾಣಾಂಕದ ಶತ್ರು. ಕತ್ತಿಗೆ ಎರಡು ತಾಗಬೇಕು, ಗದೆಗೆ ಒಂದು ಸಾಕು. ಅವನನ್ನು ಬೀಳಿಸಲು ಸರಾಸರಿ ಬೇಕಾಗುವ ಬೀಸುಗಳು ಇಬ್ಬರಿಗೂ ಎರಡೂವರೆ. ಎರಡು ಬೀಸು ಮುಗಿಯುವಷ್ಟರಲ್ಲಿ ಅವನು ಬಿದ್ದಿರುವ ಸಾಧ್ಯತೆಯೂ ಇಬ್ಬರಿಗೂ ಒಂದೇ, ಶೇಕಡಾ 64. ಮೊದಲ ಸಲ ಇದನ್ನು ಕಂಡಾಗ ಕೂಡಿಸಿದ್ದು ತಪ್ಪಾಯಿತೇನೋ ಎಂದು ಮತ್ತೆ ಮಾಡಿದೆ. ತಪ್ಪಿರಲಿಲ್ಲ.

ಹಾಗಾದರೆ ಇಬ್ಬರೂ ಒಂದೇ ಏನು? ಖಂಡಿತ ಅಲ್ಲ. ಮೊದಲ ಬೀಸಿನಲ್ಲೇ ಮುಗಿಸುವ ಸಾಧ್ಯತೆ ಗದೆಗೆ ಶೇಕಡಾ 40, ಕತ್ತಿಗೆ ಸೊನ್ನೆ. ನಾಲ್ಕನೆಯ ಬೀಸಿನ ಹೊತ್ತಿಗೆ ಕತ್ತಿಗೆ ಶೇಕಡಾ 97, ಗದೆಗೆ 87. ಎಂದರೆ ಗದೆಯವನ ನೂರು ಜಗಳಗಳಲ್ಲಿ ಹದಿಮೂರರಲ್ಲಿ, ನಾಲ್ಕು ಬೀಸು ಕಳೆದರೂ ಶತ್ರುವಿನ ಮೈಗೆ ಒಂದು ಗೀರೂ ಬಿದ್ದಿರುವುದಿಲ್ಲ. ಶತ್ರುವಿಗೆ 30 ಪ್ರಾಣಾಂಕ ಇದ್ದರೆ ಕತ್ತಿಗೆ ಸರಾಸರಿ ಕಾಲು ಕಡಿಮೆ ನಾಲ್ಕು ಬೀಸು ಸಾಕು; ಗದೆಗೆ ಐದು ಬೇಕು, ಏಕೆಂದರೆ ಎರಡನೆಯ ಏಟಿನ ಅರ್ಧ ವ್ಯರ್ಥ. ಈ ಇಬ್ಬರ ವಿಷಯದಲ್ಲಿ ಪ್ರಾಣಾಂಕ ಎಷ್ಟೇ ಇಟ್ಟು ನೋಡಿ, ಸರಾಸರಿ ಬೀಸುಗಳಲ್ಲಿ ಗದೆ ಕತ್ತಿಯನ್ನು ಸರಿಗಟ್ಟಬಹುದು, ಎಂದೂ ಹಿಂದೆ ಹಾಕದು. ಮನೆಗೆ ಹೋಗಿ ಮಾಡಿ ನೋಡಿ ಎಂದು ಮಕ್ಕಳಿಗೆ ಇದನ್ನೇ ಕೊಟ್ಟಿದ್ದೇನೆ.

ಗದೆ ಬೇಕಾಗುವ ಗಳಿಗೆ ಯಾವುದು? ನಮ್ಮ ಜಿಲ್ಲೆಯವರಿಗೆ ಅದನ್ನು ಹೇಳಿಕೊಡಬೇಕಾಗಿಲ್ಲ. ಬೇಲೂರಿನ ಗುಡಿಯ ಬಾಗಿಲಲ್ಲಿ ಸಳ ಹುಲಿಯೊಡನೆ ಹೋರಾಡುತ್ತಾ ನಿಂತಿದ್ದಾನೆ. ಸೊಸೆವೂರಿನಲ್ಲಿ, ಅಂದರೆ ಮೂಡಿಗೆರೆ ತಾಲ್ಲೂಕಿನ ಇಂದಿನ ಅಂಗಡಿಯಲ್ಲಿ, ಸುದತ್ತ ಮುನಿಗಳು “ಹೊಯ್ ಸಳ” ಎಂದರೆಂಬುದು ಐತಿಹ್ಯ. ಹಾರಿ ಬರುತ್ತಿರುವ ಹುಲಿ ಎರಡನೆಯ ಏಟಿಗೆ ಕಾಯುವುದಿಲ್ಲ. ಅಲ್ಲಿ ಖಚಿತವಾಗಿ ಒಂದು ಗೀರು ಹಾಕುವುದರಿಂದ ಯಾರೂ ಬದುಕುವುದಿಲ್ಲ. ಒಂದೇ ಅವಕಾಶವಿದ್ದು, ಆ ಅವಕಾಶದಲ್ಲೇ ಮುಗಿಸಬೇಕಾಗಿದ್ದಾಗ ಶೇಕಡಾ 40ರ ಗದೆ ಶೇಕಡಾ 80ರ ಕತ್ತಿಗಿಂತ ಎಷ್ಟೋ ಮೇಲು. ಮೇಜಿನಲ್ಲೂ ಅಷ್ಟೇ. ಮುಂದಿನ ಸರದಿಯಲ್ಲಿ ಡ್ರ್ಯಾಗನ್ ಬೆಂಕಿ ಉಗುಳಿದರೆ ಗೆಳೆಯ ಸಾಯುತ್ತಾನೆ ಎಂದಿದ್ದರೆ ಸರಾಸರಿಯ ಪುಸ್ತಕ ಮುಚ್ಚಿಡಿ, ಈ ಬೀಸಿನಲ್ಲಿ ಅದು ಬೀಳುವ ಸಾಧ್ಯತೆ ಎಷ್ಟು ಎಂದು ಮಾತ್ರ ಕೇಳಿ.

ಪೆಟ್ಟಿನ ಪರವಾಗಿ ಇನ್ನೂ ಹೇಳಬೇಕಾದದ್ದಿದೆ. ಓಗರ್ ಎಂಬ ದೈತ್ಯನಿಗೆ ಪ್ರಾಣಾಂಕ 59, ಕವಚಾಂಕ ಬರೀ 11. ಬಂಡೆ ಇಲ್ಲಿ ಸಂಕೋಚವಿಲ್ಲದೆ 5 ಬಿಟ್ಟುಕೊಡಬೇಕು. ಸಾಧಾರಣ ಏಟಿನ ಸರಾಸರಿ 8.6, ಭಾರಿ ಏಟಿನದು 10.75. ಆರು ಏಟಿನ ಕೆಲಸ ಮೂರಕ್ಕೆ ಇಳಿಯುತ್ತದೆ. ಟ್ರೋಲ್ ಎಂಬ ರಾಕ್ಷಸ ಜೀವಿ ಪ್ರತಿ ಸುತ್ತಿಗೂ 10 ಪ್ರಾಣಾಂಕ ಬೆಳೆಸಿಕೊಳ್ಳುತ್ತದೆ, ಅದಕ್ಕೆ ಚಿಟಿಕೆ ಚಿಟಿಕೆ ಪೆಟ್ಟು ಕೊಟ್ಟು ಪ್ರಯೋಜನವಿಲ್ಲ. ಮೂರನೆಯ ಆವೃತ್ತಿಯ ಕೆಲವು ಜೀವಿಗಳ ಚರ್ಮ ಪ್ರತಿ ಏಟಿನಿಂದ ಹತ್ತನ್ನು ನುಂಗಿಬಿಡುತ್ತಿತ್ತು. ಅಲ್ಲಿ ಹನ್ನೊಂದೂವರೆಯ ಏಟು ಒಂದೂವರೆಯಾಗಿ ಉಳಿಯುತ್ತದೆ, ಎಷ್ಟು ಸಲ ತಾಗಿದರೇನು?

ದಾಳದ ಜಾತಿಯೂ ಉತ್ತರವನ್ನು ಬದಲಿಸುತ್ತದೆ. ಅಜ್ಜಿಯೊಡನೆ ಚೌಕಾಬಾರ ಆಡಿದವರು ಕೈ ಎತ್ತಿ. ನಾಲ್ಕು ಕವಡೆ, ಅಥವಾ ಒಂದು ಕಡೆ ತೇಯ್ದ ನಾಲ್ಕು ಹುಣಸೆ ಬೀಜ. ಎರಡೂ ಮಗ್ಗುಲಿಗೆ ಸಮನಾಗಿ ಬೀಳುತ್ತವೆ ಎಂದುಕೊಂಡರೆ ಹದಿನಾರರಲ್ಲಿ ಆರು ಸಲ ಎರಡು ಬೀಳುತ್ತದೆ. ಚೌಕ ಒಂದು ಸಲ, ಬಾರ ಒಂದು ಸಲ. ನಡುವೆ ದಟ್ಟ, ತುದಿಗಳಲ್ಲಿ ವಿರಳ. ಇಪ್ಪತ್ತು ಮುಖದ ದಾಳಕ್ಕೆ ಆ ಗುಣವಿಲ್ಲ, ಅದರ ಪ್ರತಿ ಮುಖಕ್ಕೂ ಒಂದೇ ಹಕ್ಕು. 1986ರಲ್ಲಿ ಬಂದ ಸ್ಟೀವ್ ಜಾಕ್ಸನ್ನರ ಗರ್ಪ್ಸ್ ಎಂಬ ಆಟ ಕವಡೆಯ ಕುಲಕ್ಕೆ ಸೇರಿದ್ದು. ಆರು ಮುಖದ ಮೂರು ದಾಳ ಎಸೆದು, ನಿಮ್ಮ ಪರಿಣತಿಯ ಅಂಕವನ್ನು ಮೀರದಂತೆ ಬೀಳಿಸಬೇಕು. ಅಲ್ಲಿ ಪರಿಣತಿ 10ರಿಂದ 11ಕ್ಕೆ ಏರಿದರೆ ಸಾಧ್ಯತೆ ಶೇಕಡಾ 50ರಿಂದ 62.5ಕ್ಕೆ ಜಿಗಿಯುತ್ತದೆ. 15ರಿಂದ 16ಕ್ಕೆ ಏರಿದರೆ ನೂರಕ್ಕೆ ಮೂರರಷ್ಟೂ ಏರುವುದಿಲ್ಲ. ಆ ಆಟದಲ್ಲಿ ನಡುಮಟ್ಟದವರು ಗುರಿಯನ್ನು ಜೋಪಾನ ಮಾಡಬೇಕು, ನುರಿತವರು ಧಾರಾಳವಾಗಿ ಖರ್ಚು ಮಾಡಬಹುದು. 2019ರ ಪಾತ್‌ಫೈಂಡರ್ ಎರಡನೆಯ ಆವೃತ್ತಿ ಇನ್ನೊಂದು ಬಗೆ. ಬೇಕಾದುದಕ್ಕಿಂತ 10 ಹೆಚ್ಚು ಬಿದ್ದರೆ ಏಟು ಇಮ್ಮಡಿ. ಆದ್ದರಿಂದ ಗುರಿಯ ಒಂದು ಅಂಕ ಅಲ್ಲಿ ಎರಡು ಕೆಲಸ ಮಾಡುತ್ತದೆ. ತಪ್ಪುತ್ತಿದ್ದ ಒಂದು ಮುಖ ತಾಗುವಂತಾಗುತ್ತದೆ, ತಾಗುತ್ತಿದ್ದ ಇನ್ನೊಂದು ಮುಖ ಇಮ್ಮಡಿಯಾಗುತ್ತದೆ. ಪೆಟ್ಟಿನ ಹಂಬಲ ಇರುವವನೂ ಅಲ್ಲಿ ಗುರಿಯನ್ನೇ ಕೊಳ್ಳಬೇಕು. ಇದು ನನಗೆ ಬಹಳ ಹಿಡಿಸಿದ ನಿಯಮ.

ಹತ್ತನೆಯ ತರಗತಿಯ ಹುಡುಗನೊಬ್ಬ ನಮ್ಮ ತಂಡದ ಪೂಜಾರಿ. “ನಾನು ಏನೂ ಮಾಡುತ್ತಿಲ್ಲ, ಬರೀ ಹರಸುತ್ತಿದ್ದೇನೆ” ಎಂದು ಅವನು ಬಹಳ ದಿನ ಕೊರಗಿದ. ಅವನ ‘ಬ್ಲೆಸ್’ ಮಂತ್ರ ಮೂವರಿಗೆ, ಏಟು ತಾಗಿತೇ ಎಂದು ತಿಳಿಯಲು ಅವರು ಎಸೆಯುವ ಪ್ರತಿ ದಾಳಕ್ಕೂ ನಾಲ್ಕು ಮುಖದ ಇನ್ನೊಂದು ದಾಳವನ್ನು ಸೇರಿಸುತ್ತದೆ. ಸರಾಸರಿ ಎರಡೂವರೆ, ಎಂದರೆ ನೂರಕ್ಕೆ ಹನ್ನೆರಡೂವರೆ. ಮೂವರೂ ಸುಮಾರು 9ರ ಏಟು ಹೊಡೆಯುವವರಾದರೆ ಒಂದು ಸುತ್ತಿಗೆ ಅವನ ಹರಕೆಯಿಂದ ಬರುವ ಪೆಟ್ಟು 3.4. ಅವನೇ ಗದೆ ಹಿಡಿದು ಹೊಡೆದಿದ್ದರೆ ಐದೂವರೆಯ ಏಟು ನೂರಕ್ಕೆ 60 ಸಲ ತಾಗಿ 3.3. ಒಂದೇ ಸುತ್ತಿನಲ್ಲಿ ಹರಕೆ ತನ್ನ ಖರ್ಚು ತೀರಿಸಿಕೊಂಡಿತು. ಅವನ ಏಕಾಗ್ರತೆ ಕೆಡದಿದ್ದರೆ ಅದು ಹತ್ತು ಸುತ್ತು ನಡೆಯುತ್ತದೆ, ಎರಡನೆಯ ಸುತ್ತಿನಿಂದ ಅವನ ಕೈ ಖಾಲಿ, ಅವನೂ ಹೊಡೆಯಬಹುದು. ಬಂಡೆ 5 ಬಿಟ್ಟುಕೊಟ್ಟಾಗ ಅದರ ಅರ್ಧವನ್ನು ಅವನು ಹಿಂದಕ್ಕೆ ಕೊಡುತ್ತಾನೆ. ಇದನ್ನೆಲ್ಲ ಬರೆದು ತೋರಿಸಿದ ಮೇಲೆ ಅವನು ಒಂದು ಅಭ್ಯಾಸ ಬೆಳೆಸಿಕೊಂಡ. ಯಾರಾದರೂ ಕೂದಲೆಳೆಯಲ್ಲಿ ತಾಗಿಸಿದರೆ, ಅದು ನಾಲ್ಕು ಮುಖದ ದಾಳದಿಂದಲೇ ತಾಗಿದ್ದಾದರೆ, ತನ್ನ ಪುಸ್ತಕದಲ್ಲಿ ಒಂದು ಗೆರೆ ಎಳೆಯುತ್ತಾನೆ. ಗುರಿಯ ಕೆಲಸ ಕಣ್ಣಿಗೆ ಕಾಣುವುದಿಲ್ಲ. ಪೆಟ್ಟಿನ ದಾಳ ಮೇಜಿನ ಮೇಲೆ ಸದ್ದು ಮಾಡುತ್ತಾ ಉರುಳುತ್ತದೆ, ಎಲ್ಲರೂ ಬಗ್ಗಿ ನೋಡುತ್ತಾರೆ. ತಪ್ಪದೇ ಉಳಿದ ಏಟಿಗೆ ಯಾರು ಲೆಕ್ಕ ಇಡುತ್ತಾರೆ? ಮಕ್ಕಳು ಪೆಟ್ಟಿಗೆ ಮನಸೋಲಲು ಇದೇ ದೊಡ್ಡ ಕಾರಣ ಎಂದು ನನ್ನ ನಂಬಿಕೆ.

ಕೊನೆಯದಾಗಿ, ಕಥೆ ನಡೆಸುವವರಿಗೆ. ಇಲ್ಲಿ ನಾಲ್ಕೈದು ಜನ ಇದ್ದೀರಿ, ನಿಮಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಶತ್ರುವನ್ನು ಕಠಿಣ ಮಾಡಬೇಕೆನಿಸಿದಾಗ ಕೈ ಮೊದಲು ಕವಚಾಂಕದ ಕಡೆಗೆ ಹೋಗುತ್ತದೆ. ನಾನೂ ಆ ಕೋಟೆಯ ಕಾವಲುಗಾರನಿಗೆ 18 ಬರೆದದ್ದು ಹಾಗೆಯೇ. ನೂರಕ್ಕೆ 30 ಸಲ ತಾಗುವ, 15 ಪ್ರಾಣಾಂಕದ ಶತ್ರುವೂ, ನೂರಕ್ಕೆ 60 ಸಲ ತಾಗುವ, 30 ಪ್ರಾಣಾಂಕದ ಶತ್ರುವೂ ಹೆಚ್ಚು ಕಡಿಮೆ ಅಷ್ಟೇ ಹೊತ್ತು ನಿಲ್ಲುತ್ತಾರೆ. ಕಾಗದದ ಮೇಲೆ ವ್ಯತ್ಯಾಸವಿಲ್ಲ. ಆದರೆ ಮೊದಲನೆಯವನ ಮುಂದೆ ಮಗುವೊಂದು ಮೂರು ಸಲ ಸತತವಾಗಿ ತಪ್ಪುವ ಸಾಧ್ಯತೆ ಶೇಕಡಾ 34, ಎರಡನೆಯವನ ಮುಂದೆ 6. ಮೂರು ಸಲ ಎಂದರೆ ನಮ್ಮ ಮೇಜಿನಲ್ಲಿ ಮುಕ್ಕಾಲು ಗಂಟೆ. ವಾರವಿಡೀ ಶಾಲೆ, ಮನೆಪಾಠ ಮುಗಿಸಿ ಈ ಮೂರು ಗಂಟೆಗಾಗಿ ಕಾದು ಬಂದ ಮಗು ಮುಕ್ಕಾಲು ಗಂಟೆ ಕೂತು ‘ತಪ್ಪಿತು’ ಎಂದು ಕೇಳಬೇಕೇ? ಪ್ರಾಣಾಂಕ ಏರಿಸಿ, ಶತ್ರುಗಳ ಸಂಖ್ಯೆ ಏರಿಸಿ, ನೆಲವನ್ನು ಜಾರುವಂತೆ ಮಾಡಿ. ಹೆಚ್ಚಿನ ಕವಚಾಂಕವನ್ನು, ಅದನ್ನು ಮುರಿಯಲು ಬೇರೆ ದಾರಿ ಇರುವಲ್ಲಿ ಮಾತ್ರ ಬಳಸಿ. ಹಿಡಿದು ಬೀಳಿಸಬಹುದು, ಕಣ್ಣಿಗೆ ಮಣ್ಣೆರಚಬಹುದು. ಎರಡು ದಾಳ ಎಸೆದು ದೊಡ್ಡದನ್ನು ಆರಿಸಿಕೊಳ್ಳುವ ಅನುಕೂಲ ಒದಗಿದರೆ ಶೇಕಡಾ 40ರ ಸಾಧ್ಯತೆ 64 ಆಗುತ್ತದೆ. ಆ ದಾರಿಯನ್ನು ಮಕ್ಕಳು ತಾವಾಗಿಯೇ ಹುಡುಕಿದರೆ ಇನ್ನೂ ಸಂತೋಷ.

ಕಳೆದ ಭಾನುವಾರ ನಮ್ಮ ಕಥೆ ಶೆಟ್ಟಿಹಳ್ಳಿಯ ಮುಳುಗಿದ ಇಗರ್ಜಿಯಲ್ಲಿತ್ತು. ಹೇಮಾವತಿಯ ಹಿನ್ನೀರು ಮೊಣಕಾಲಿಗೆ ಏರುತ್ತಿತ್ತು. ಕಮಾನಿನ ಕೆಳಗೆ ಕಲ್ಲಿನ ಕಾವಲುಗಾರ್ತಿ, ಕವಚಾಂಕ 19. ಇಷ್ಟು ಮಾತನಾಡಿದ ನಾನೇ ಮತ್ತೆ 19 ಬರೆದಿದ್ದೇನೆಂದು ನೀವು ಕೇಳಬಹುದು. ಕಮಾನನ್ನು ಅವಳ ಮೇಲೆ ಉರುಳಿಸುವ ದಾರಿ ಇಟ್ಟಿದ್ದೆ, ಅದು ಅವರಿಗೆ ಹೊಳೆಯಲಿಲ್ಲ. ಅವಳ ಪ್ರಾಣಾಂಕ 6 ಉಳಿದಿರುವಾಗ ಬಂಡೆಯ ಸರದಿ ಬಂತು. ಎಷ್ಟು ಉಳಿದಿದೆ ಎಂದು ನಾನು ಹೇಳಿರಲಿಲ್ಲ. ಅವಳು ಹಿಂದಿನ ಸುತ್ತುಗಳಿಂದ ಬೆರಳು ಮಡಚಿ ಎಣಿಸಿಕೊಂಡೇ ಬಂದಿದ್ದಳು. “ನನ್ನ ಕನಿಷ್ಠ ಏಟೇ 6. ಸುಮ್ಮನೆ ಹೊಡೆದರೆ ಮೂವತ್ತೈದು, ಬೀಸಿ ಹೊಡೆದರೆ ಹತ್ತು. ಸುಮ್ಮನೆ ಹೊಡೆಯುತ್ತೇನೆ” ಎಂದಳು.

ದಾಳ 9 ತೋರಿಸಿತು. ತಪ್ಪಿತು. ಅವಳು ದಾಳವನ್ನು ತೆಗೆದು ಅಂಗೈಯಲ್ಲಿ ಒರೆಸಿ, ಡಬ್ಬಿಗೆ ಹಾಕದೆ ಕಾಗದದ ಪಕ್ಕದಲ್ಲಿ ಇಟ್ಟುಕೊಂಡಳು. ಆಮೇಲೆ ಪೂಜಾರಿಯ ಕಡೆ ತಿರುಗಿ, “ನಿನ್ನ ನಾಲ್ಕು ಮುಖದ ದಾಳ ಮುಂದಿನ ಸುತ್ತಿಗೆ ನನಗೆ ಸಿಗುತ್ತದೆಯೇ?” ಎಂದು ಕೇಳಿದಳು.